ಷಡ್ಡಕರ ಜಲಯಾನ

ಲೈಫ್ ಜಾಕೆಟ್ ತೊಟ್ಟ ಮೇಲೂ ಗಾಂಭೀರ್ಯ ಉಳಿಸಿಕೊಂಡ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ. ಮಂಚೇನಹಳ್ಳಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಬೋಧಿಸಿ, ಕೆಮ್ಮಿದರೆ ಸಾಕು ತರಗತಿ ನಿಶ್ಶಬ್ದವಾಗುವಂಥ ಖ್ಯಾತಿ ಸಂಪಾದಿಸಿದ್ದ ನನ್ನನ್ನು, ಬಸರೂರಿನ ಹೊಳೆದಂಡೆಯಲ್ಲಿ ಆ ಕಿತ್ತಳೆ ಬಣ್ಣದ ಉಡುಪು ಒಂದೇ ನಿಮಿಷದಲ್ಲಿ ಕುಂಬಳಕಾಯಿಯಾಗಿಸಿಬಿಟ್ಟಿತು. ಪಕ್ಕದಲ್ಲಿ ಇನ್ನೊಂದು ಕುಂಬಳಕಾಯಿ ನಿಂತಿತ್ತು: ನನ್ನ ಹೆಂಡತಿಯ ಅಕ್ಕನ ಗಂಡ, ಪೆರೇಸಂದ್ರದ ಮುನಿಶಾಮಣ್ಣ. ನಾವಿಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಅಪರಾಧ ನನ್ನದೇ. ನೆಂಟರ ಮನೆಯ ನಿಶ್ಚಿತಾರ್ಥದ ಪಂಕ್ತಿಯಲ್ಲಿ ಅವರು, ನಮ್ಮ ಪಿನಾಕಿನಿ ಮಂಗಳೂರಿನ ಕಡೆ ಹೋಗಿ ಸಮುದ್ರ ಸೇರುತ್ತದೆ ಎಂದರು. ಮೌನವೇ ವಿದ್ವತ್ತಿನ ಲಕ್ಷಣವೆಂದು ನಾನು ಬೋಧಿಸಿದ್ದುಂಟು, ಆಚರಿಸಿದ್ದಿಲ್ಲ. “ಅಣ್ಣಾ, ಹಂಗಾದ್ರೆ ಪೂರ್ವಕ್ಕೆ ಹರಿಯೋ ನಿಮ್ಮ ಪಿನಾಕಿನಿ ತಿರುಗಿ ಘಟ್ಟ ಹತ್ತಿ ಇಳೀಬೇಕಾಗ್ತದೆ!” ಎಂದು ನಕ್ಕೆ, ಪಂಕ್ತಿಯೆಲ್ಲ ನಕ್ಕಿತು. ನಾಲ್ಕನೇ ತರಗತಿಗೇ ಓದು ನಿಂತಿದ್ದ ಆ ಮನುಷ್ಯ ಎಲೆ ಬಿಟ್ಟು ಎದ್ದುಹೋದರು.

ಒಂದು ಕಾಲಕ್ಕೆ ಹಡಗುಗಳು ಅಕ್ಕಿ ತುಂಬಿಕೊಂಡು ಹೋಗುತ್ತಿದ್ದ ಆ ಹಳೆಯ ಬಂದರಿಗೆ ನಮ್ಮನ್ನು ಹೊರಡಿಸಿದ್ದು ಅಕ್ಕತಂಗಿಯರ ಒಳಸಂಚು. ಅವರಿಬ್ಬರೂ ಮೊದಲೇ ಒಂದು ದೋಣಿಯಲ್ಲಿ ಕೂತುಬಿಟ್ಟರು. ಉಳಿದದ್ದು ಕಾಲು ನೀಡಿ ಒಬ್ಬರ ಹಿಂದೊಬ್ಬರು ಕೂರುವ, ಜೋಡಿ ಆಸನದ ಒಂದೇ ಕಯಾಕ್. “ತಿರುವು ದಾಟಿ, ಸಮುದ್ರದ ಕಡೆ ದೋಣಿ ನಿಲ್ಲಿಸುವ ಕಟ್ಟೆ ಇದೆ, ಆ ಹಳೇ ಧಕ್ಕೆಗೆ ಬನ್ನಿ” ಎಂದು ಹೇಳಿ, ದೋಣಿ ನಡೆಸುವ ಹೆಂಗಸು ಅವರೊಂದಿಗೆ ಮುಂದೆ ಹೋದಳು.

ಮುಂದೆ ನಾನು, ಹಿಂದೆ ಅವರು. ನಾವು ಮಾತಾಡದಿದ್ದರೂ ಹುಟ್ಟುಗಳು ಟಕಟಕ ಎಂದು ಒಂದಕ್ಕೊಂದು ಬೈದುಕೊಳ್ಳುತ್ತಿದ್ದವು. ಅರ್ಧ ಗಂಟೆಗೆ ತೋಳು ಸೋತಾಗ, ಯಾರನ್ನೂ ಉದ್ದೇಶಿಸದೆ ಗಾಳಿಗೆ ಪಾಠ ಮಾಡಿದೆ: “ನದಿ ಸಮುದ್ರದ ಕಡೆಗೇ ಹರಿಯುವುದು. ಹುಟ್ಟು ಎತ್ತಿಟ್ಟರೂ ತಾನೇ ತಲುಪಿಸುತ್ತದೆ.” ಎತ್ತಿಟ್ಟೆವು. ಹೊಳೆ ಹಿತವಾಗಿ ತೂಗಿತು. ನನಗೆ ಜೊಂಪು ಹತ್ತುವಷ್ಟರಲ್ಲಿ, ಎರಡು ವರ್ಷದ ತರುವಾಯ ಮೊದಲ ಮಾತು ಬೆನ್ನಿಗೆ ತಾಕಿತು.

“ಮೇಷ್ಟ್ರೇ, ಹಿಂದಕ್ಕೆ ಹೋಗ್ತಾ ಇದೀವಿ.”

“ಸಾಧ್ಯವೇ ಇಲ್ಲ ಅಣ್ಣಾ.”

“ಆ ಬಾಗಿರೋ ತೆಂಗಿನಮರ ಎರಡನೇ ಸಲ ಬಂತು, ನೋಡಿ.”

ನೋಡಿದೆ. ಮರ ನಿಧಾನವಾಗಿ ನಮ್ಮ ಮುಂದಕ್ಕೆ ಸರಿದುಹೋಯಿತು. ಉಬ್ಬರ! ಉಬ್ಬರದ ಹೊತ್ತಿನಲ್ಲಿ ಸಮುದ್ರದ ನೀರು ನದಿಯೊಳಕ್ಕೆ ನುಗ್ಗುತ್ತದೆಂದು ಪ್ರತಿವರ್ಷ ನಕ್ಷೆ ಬರೆದು ಕಲಿಸಿದವನು, ಅದನ್ನು ಬರೆಯದ ಮಕ್ಕಳ ಅಂಕ ಕತ್ತರಿಸಿದವನು, ಈಗ ಆ ಉಬ್ಬರದ ಮೇಲೆಯೇ ಕೂತು ಘಟ್ಟದ ಕಡೆಗೆ ಪ್ರಯಾಣ ಬೆಳೆಸಿದ್ದೆ. ಹಿಂದಿನಿಂದ ನಗೆ ಬರುವುದನ್ನೇ ಕಾದೆ. ಬರಲಿಲ್ಲ.

“ನಕ್ಕುಬಿಡಿ ಅಣ್ಣಾ,” ಎಂದೆ ಕೊನೆಗೆ.

“ಯಾಕಪ್ಪಾ ನಗ್ಲಿ? ಹಂಗೆ ನಕ್ರೆ ಎಷ್ಟು ನೋಯ್ತದೆ ಅಂತ ನಂಗೊತ್ತಲ್ಲ.”

ತಿರುಗಿ ಮುಖ ನೋಡೋಣವೆಂದರೆ ಕಯಾಕ್ ಮಗುಚುವ ಭಯ. ಹಾಗಾಗಿ ನನ್ನ ಜೀವಮಾನದ ಅತ್ಯಂತ ಪ್ರಾಮಾಣಿಕ ಕ್ಷಮಾಪಣೆಯನ್ನು ಎದುರಿನ ನೀರಿಗೆ ಹೇಳಬೇಕಾಯಿತು. “ತಪ್ಪಾಯ್ತು ಅಣ್ಣಾ. ಅವತ್ತು ಅಷ್ಟು ಜನರ ಮುಂದೆ ನಗಬಾರದಾಗಿತ್ತು.”

ಹಿಂದೆ ಅವರು ಹುಟ್ಟು ಎತ್ತಿಕೊಂಡ ಸದ್ದಾಯಿತು.

“ನಾನೂ ಎಲೆ ಬಿಟ್ಟು ಏಳಬಾರದಾಗಿತ್ತು. ಒಬ್ಬಟ್ಟು ಇನ್ನೂ ಬಡಿಸಿರಲಿಲ್ಲ,” ಎಂದರು ಮುನಿಶಾಮಣ್ಣ. “ಈಗ ಹುಟ್ಟು ತಗೊಳ್ಳಿ. ನಾನು ಹೇಳ್ದಂಗೆ ಹಾಕಿ. ಎಡ... ಬಲ... ಎಡ ಅಂದೆ ಮೇಷ್ಟ್ರೇ, ಎಡ! ಯಾವ ಕೈಯಲ್ಲಿ ಬರೀತಿದ್ರಿ ಬೋರ್ಡ್ ಮೇಲೆ?”

ಹೊಲದಲ್ಲಿ ಜೋಡಿ ಎತ್ತು ನಡೆಸಿದ ದನಿ ಅದು; ನಾನು ವಿಧೇಯ ಎತ್ತಾದೆ. ಉಬ್ಬರಕ್ಕೆ ಎದುರಾಗಿ ಒಂದು ಗಂಟೆ ಹುಟ್ಟು ಹಾಕಿದೆವು. ಎರಡು ವರ್ಷದಲ್ಲಿ ಆಗದೆ ಉಳಿದ ಮಾತೆಲ್ಲ, ಅವರ ಸೇವಂತಿಗೆ ತೋಟ, ನನ್ನ ಮಂಡಿನೋವು, ಹೆಂಡತಿಯರ ಹಟ, ಒಂದೂ ಬಿಡದೆ ಆಡಿದೆವು. ಧಕ್ಕೆಯ ಮೇಲೆ ಕಾಯುತ್ತಿದ್ದ ಅಕ್ಕತಂಗಿಯರಿಗೆ ನಮ್ಮ ದನಿ ಮೊದಲು ಕೇಳಿಸಿತಂತೆ, ಕಯಾಕ್ ಆಮೇಲೆ ಕಾಣಿಸಿತಂತೆ.