ಕಿವಿಯಣ್ಣನ ಹೆಬ್ಬೆರಳು

ಅಂಗಡಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಕಿವಿಯಣ್ಣ ಎಂದೇ. ದುಬಾರಿ ಸ್ಪೀಕರು, ಆಂಪ್ಲಿಫೈಯರುಗಳ ಅಂಗಡಿ ಅದು. ಹಿಂಭಾಗದಲ್ಲೊಂದು ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ದಪ್ಪ ಬಟ್ಟೆ, ನಡುವೆ ಒಂದೇ ಒಂದು ಕುರ್ಚಿ. ಗಿರಾಕಿಯನ್ನು ಅದರಲ್ಲಿ ಕೂರಿಸಿ, ಮೊದಲು ಸಾದಾ ವೈರಿನಲ್ಲಿ ಒಂದು ಹಾಡು, ಆಮೇಲೆ ಹಾವಿನಷ್ಟು ದಪ್ಪದ ದುಬಾರಿ ವೈರಿನಲ್ಲಿ ಅದೇ ಹಾಡು ಕೇಳಿಸಿ, ಆ ವೈರು ಮಾರುವುದು ಅವನ ಕೆಲಸ. ತಲೆ ನರೆತದ್ದೂ ಅಲ್ಲೇ, ಹಾಡಿನ ಮೇಲಿನ ಆಸೆ ಬತ್ತಿದ್ದೂ ಅಲ್ಲೇ. ಮನೆಯಲ್ಲಿ ಹೆಂಡತಿ, "ಏನಾದ್ರೂ ಹಾಡು ಹಾಕ್ರೀ" ಎಂದರೆ, "ಫ್ಯಾನು ಹಾಡ್ತಾ ಇದೆಯಲ್ಲ, ಸಾಕು ಬಿಡೇ" ಎಂದು ಗೋಡೆಯ ಕಡೆ ತಿರುಗಿ ಮಲಗುವನು.

ಅವನಿಗೆ ಗೊತ್ತಿದ್ದದ್ದು ಇಷ್ಟೇ: ಎರಡು ವೈರಿನಲ್ಲೂ ಬರುವುದು ಅದೇ ಹಾಡು. ಅದಕ್ಕೇ ದಪ್ಪ ವೈರಿನ ಸರದಿ ಬಂದಾಗ ಹೆಬ್ಬೆರಳಿನಿಂದ ವಾಲ್ಯೂಮು ಕೂದಲೆಳೆಯಷ್ಟು ತಿರುಗಿಸಬೇಕು. ಸದ್ದು ಒಂದಿಷ್ಟು ಏರಿದರೆ ಕಿವಿಗೆ ಅದೇ ಚೆಂದ. ಮಾಲೀಕ ಕಲಿಸಿದ ವಿದ್ಯೆ ಅದು. ಈಗೀಗ ಹೆಬ್ಬೆರಳು ಇವನನ್ನು ಕೇಳದೆ ತಾನೇ ಮಾಡಿ ಮುಗಿಸುತ್ತಿತ್ತು.

ಒಂದು ಮಧ್ಯಾಹ್ನ ಆ ಕುರ್ಚಿಗೆ ಬಂದು ಕೂತವರು ಬೇರಾರೂ ಅಲ್ಲ, ಅವನ ಬೀಗರು, ಮಗಳ ಮಾವ. ಮನಸ್ಸು ಒಳ್ಳೆಯದೇ, ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ಹಿಂದೊಮ್ಮೆ ಅವರ ಹೊಸ ಸೋಫಾಕ್ಕೆ ಇವನು "ಸ್ವಲ್ಪ ಎತ್ತರವಾಯ್ತೇನೋ" ಎಂದಿದ್ದಕ್ಕೆ ಅವರು ಮುನಿಸಿಕೊಂಡಿದ್ದರು; ಮಗಳು ತವರಿನ ಹೊಸಿಲು ತುಳಿಯಬೇಕಾದರೆ ಬೇಸಿಗೆ ಕಳೆದು ಮಳೆಗಾಲವೇ ಬಂದಿತ್ತು.

"ಆ ದಪ್ಪ ವೈರು ಹಾಕಿ ಬೀಗರೇ. ಸಾದಾದ್ರಲ್ಲಿ ಹಾಡು ಕಂಬಳಿ ಹೊದ್ಕೊಂಡಿರುತ್ತಂತಲ್ಲ!"

"ಯಾರಂದ್ರು?"

"ವಾಕಿಂಗಿಗೆ ಬರೋರೆಲ್ಲ ಅಂತಾರೆ."

ಸಾದಾ ವೈರಿನಲ್ಲಿ ಹಾಡು ಮುಗಿಯಿತು. ಕಿವಿಯಣ್ಣ ದಪ್ಪ ವೈರು ಹಿಡಿದು ಆಂಪ್ಲಿಫೈಯರಿನ ಹಿಂದೆ ಬಗ್ಗಿದ. ಮಂಡಿ ಲಟಕ್ಕೆಂದಿತು. ಬೀಗರಿಗೂ ಟೋಪಿ ಹಾಕುವುದೇ? ಹಾಕದಿದ್ದರೆ ಮಗಳ ಗತಿ? ಅದೇ ಯೋಚನೆಯಲ್ಲಿ ಎದ್ದು ನಿಂತ, ಹಾಡು ಶುರುವಾಯಿತು, ಹೆಬ್ಬೆರಳು ತನ್ನ ಪಾಡಿಗೆ ತಿರುಗಿತು.

"ಆಹಾ! ಕಂಬಳಿ ಕಿತ್ತು ಬಿಸಾಕಿದ ಹಾಗಾಯ್ತು!"

ಕಿವಿಯಣ್ಣ ಎಡಗೈ ನೋಡಿಕೊಂಡ. ದಪ್ಪ ವೈರು ಅಲ್ಲೇ ತೂಗುತ್ತಿತ್ತು. ಸಿಕ್ಕಿಸಿಯೇ ಇರಲಿಲ್ಲ. ಸುಮ್ಮನಿದ್ದರೆ ಆಗುತ್ತಿತ್ತು, ಸುಳ್ಳಿಗೂ ತ್ರಾಣ ಬೇಕಲ್ಲ, ಅದೂ ಉಳಿದಿರಲಿಲ್ಲ.

"ಬೀಗರೇ, ವೈರು ಬದಲಾಯಿಸೇ ಇಲ್ಲ. ನೋಡಿ, ಕೈಯಲ್ಲೇ ಇದೆ."

"ಅಂದ್ರೆ? ನಂಗೆ ಕಿವಿ ಇಲ್ಲ ಅಂತೀರಾ?"

"ಎಲ್ಲರ ಕಿವಿನೂ ಹೀಗೇ. ಸದ್ದು ಚೂರು ಜಾಸ್ತಿ ಮಾಡಿದೆ, ಅಷ್ಟೇ. ಇದು ಬೇಡ ನಿಮಗೆ. ಕಿಟಕಿಗೊಂದು ದಪ್ಪ ಪರದೆ ಹಾಕಿ, ಕುರ್ಚಿ ಗೋಡೆಯಿಂದ ಮುಂದಕ್ಕೆಳ್ಕೊಳ್ಳಿ. ಅದ್ರಲ್ಲಿದೆ ವ್ಯತ್ಯಾಸ."

ಬೀಗರು ಧಡಕ್ಕನೆ ಎದ್ದರು. ಅವರ ಚಪ್ಪಲಿಯೇ ಬಾಗಿಲವರೆಗೂ ಮಾತಾಡುತ್ತಾ ಹೋಯಿತು.

"ಲೋಕಕ್ಕೆಲ್ಲ ಸುಳ್ಳು ಹೇಳಿ, ನಿಜ ಹೇಳೋಕೆ ನಿಮಗೆ ಬೀಗರೇ ಬೇಕಿತ್ತಾ?" ಎಂದು ರಾತ್ರಿ ಮನೆಯಲ್ಲಿ ಹೆಂಡತಿ ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಮಗಳ ಫೋನು.

"ಅಪ್ಪಾ, ಮಾವ ನಿಮ್ಮ ಅಂಗಡಿ ಎದುರಿನ ಅಂಗಡೀಲೇ ಆ ದಪ್ಪ ವೈರು ತಗೊಂಡ್ರು. ಭಾನುವಾರ ನೀವು ಬಂದು ಕೇಳ್ಬೇಕಂತೆ. ಅಪ್ಪಾ, ಈ ಸಲ..."

ಭಾನುವಾರ ಹೋದ. ಬೀಗರು ಗಂಟುಮುಖದಲ್ಲೇ ಕುರ್ಚಿ ತೋರಿಸಿದರು. ದಪ್ಪ ವೈರು ನೆಲದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಮಲಗಿತ್ತು. ಹಾಡು ಶುರುವಾದ ಮೇಲೆ ಕಿವಿಯಣ್ಣನ ಕಣ್ಣು ಅತ್ತಿತ್ತ ಹೊರಳಿತು. ಕಿಟಕಿಗೆ ಹೊಚ್ಚಹೊಸ ದಪ್ಪ ಪರದೆ. ತಾನು ಕೂತ ಕುರ್ಚಿ ಗೋಡೆಯಿಂದ ಎರಡು ಮೊಳ ಮುಂದೆ. ಬಾಗಿಲಲ್ಲಿ ಮಗಳು, ನೀರಿನ ಲೋಟ ಹಿಡಿದು, ಉಸಿರೂ ಹಿಡಿದು ನಿಂತಿದ್ದಳು.

"ಚೆನ್ನಾಗಿದೆ ಬೀಗರೇ. ನಿಜವಾಗ್ಲೂ ಚೆನ್ನಾಗಿದೆ."

"ನೋಡಿದ್ರಾ? ಎಲ್ಲ ಆ ವೈರಿನ ಮಹಿಮೆ!" ಬೀಗರ ಮುಖದ ಗಂಟು ಸಡಿಲಿತು. "ನಾಲ್ಕು ದಿನ ಕರ್ಕೊಂಡು ಹೋಗಿ ನಿಮ್ಮ ಮಗಳನ್ನ. ಅಮ್ಮನ ನೆನಪಾಗಿದೆ ಅವಳಿಗೆ."

ಬಸ್ಸಿನಲ್ಲಿ ಮಗಳು ಭುಜಕ್ಕೆ ಒರಗಿ ಕೇಳಿದಳು. "ಅಪ್ಪಾ, ವೈರಿಂದಾನೇ ಚೆನ್ನಾಗಿ ಕೇಳ್ಸಿದ್ದಾ?"

"ಬಸ್ಸು ಹಾಡ್ತಾ ಇದೆಯಲ್ಲ. ಮಲಕ್ಕೋ ಮಗಳೇ."

ಬೆಳಗಾದರೆ ಸೋಮವಾರ. ಆ ಕುರ್ಚಿ, ಆ ಹಾಡು. ಕಿವಿಯಣ್ಣ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಕಣ್ಣು ಮುಚ್ಚಿದ.