ಮೂರರಲ್ಲಿ ಎರಡು

ಗಲ್ಫ್‌ನ ಮೆಸಯೀದ್‌ನ ಕಾರ್ಖಾನೆಯಲ್ಲಿ ಹದಿನೇಳು ವರ್ಷ, ಗ್ಯಾಸ್ ಸೋರಿದರೆ ಕೂಗುವ ಡಿಟೆಕ್ಟರ್‌ಗಳನ್ನು ನೋಡಿಕೊಂಡ ಲತೇಶನಿಗೆ ತನ್ನ ಬುದ್ಧಿಯ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ಆ ಅಭಿಪ್ರಾಯ ತೀರಿಕೊಂಡು ಈಗ ಹತ್ತು ತಿಂಗಳಾಯಿತು ಎಂದು ಅವನೇ ಹೇಳಿಕೊಳ್ಳುತ್ತಾನೆ.

ಕಾರ್ಖಾನೆಯಲ್ಲಿ ಒಂದು ನಿಯಮ. ಒಂದು ಜಾಗಕ್ಕೆ ಮೂರು ಡಿಟೆಕ್ಟರ್ ಇರುತ್ತವೆ. ಎರಡು ಕೂಗಿದರೆ ಮಾತ್ರ ಪ್ಲಾಂಟ್ ನಿಲ್ಲುತ್ತದೆ. ಒಂದೇ ಕೂಗಿದರೆ ಅದರ ಮೇಲೆ ಧೂಳು ಕೂತಿದೆ, ಇಲ್ಲವೇ ಬಿಸಿಲಿಗೆ ತಲೆ ಕೆಟ್ಟಿದೆ ಎಂದು ಲೆಕ್ಕ. ಈ ನಿಯಮವನ್ನು ಲತೇಶ ಐನ್ ಖಾಲಿದ್‌ನ ತನ್ನ ಮನೆಗೂ ತಂದಿದ್ದ. ಎದೆಯಲ್ಲಿ ಗಂಟು ಕೈಗೆ ಸಿಗುತ್ತದೆ ಎಂದು ಹೆಂಡತಿ ಉಮಾವತಿ ಹೇಳಿದಾಗ, "ನೋವುಂಟಾ? ಜ್ವರ?" ಎಂದು ಕೇಳಿದ. ಎರಡೂ ಇರಲಿಲ್ಲ. "ಹಾಗಾದ್ರೆ ನೋಡುವ," ಎಂದ ಮಹಾಶಯ ಮೂರು ತಿಂಗಳು ನೋಡುತ್ತಲೇ ಇದ್ದ. ಎರಡನೆಯ ಕೂಗು ಕಂಕುಳಿನಲ್ಲಿ ಬಂತು, ಇನ್ನೊಂದು ಗಂಟಾಗಿ.

ಕ್ಯಾನ್ಸರ್ ಡಾಕ್ಟರ್ ಲೀನಾ ಮಂಗಳೂರಿನವರು. ನಿಧಾನವಾಗಿ ಬಿಡಿಸಿ ಹೇಳಿದರು. "ಜೀವಕೋಶದ ಹೊರಮೈಯಲ್ಲಿ ರಿಸೆಪ್ಟರ್ ಅಂತ ಇರ್ತದೆ. ಹೊರಗಿನ ಸಂದೇಶ ಹಿಡಿದು ಒಳಗೆ ದಾಟಿಸುವುದು ಅದರ ಕೆಲಸ. ಬೆಳಿ, ಸಾಕು, ನಿಲ್ಲು ಅಂತ. ಹೊಟ್ಟೆಯಲ್ಲಿ ಮಗುವಿನ ಅಂಗಾಂಗ ಆಗುವುದು ಇಂಥ ಸಂದೇಶಗಳಿಂದಲೇ. ಇವರ ಗಡ್ಡೆಯಲ್ಲಿ ಒಂದು ಜಾತಿಯ ರಿಸೆಪ್ಟರ್ ವಿಪರೀತ ಉಂಟು. ಹೊರಗಿಂದ ಯಾರೂ ಹೇಳದಿದ್ರೂ ಒಳಗೆ ಬೆಳಿ ಬೆಳಿ ಅಂತಲೇ ಹೇಳ್ತಾ ಉಂಟು."

ಲತೇಶನಿಗೆ ಬಾಯಿ ತಡೆಯಲಿಲ್ಲ. "ಅಂದ್ರೆ ಡಿಟೆಕ್ಟರ್, ಮೇಡಂ. ಗ್ಯಾಸ್ ಇಲ್ಲದೆ ಕೂಗ್ತದೆ. ನಮ್ಮಲ್ಲಿ ಅಂಥದ್ದನ್ನು ಬಂದ್ ಮಾಡಿ ಇಡ್ತೇವೆ."

"ನಾವೂ ಅದನ್ನೇ ಮಾಡುವುದು. ಅದರ ಮೇಲೆ ಹೋಗಿ ಕೂರುವ ಮದ್ದುಂಟು. ಮೂರು ವಾರಕ್ಕೊಮ್ಮೆ, ಒಂದು ವರ್ಷ. ಆದ್ರೆ ಗರ್ಭದಲ್ಲಿ ಹೃದಯ ಆಗುವಾಗ ಬೇಕಾದದ್ದೂ ಇದೇ ರಿಸೆಪ್ಟರ್, ಹೃದಯಕ್ಕೆ ಈಗ್ಲೂ ಬೇಕು. ಹಾಗಾಗಿ ಈ ಮದ್ದಿನಿಂದ ಹೃದಯ ಸೋಲಲೂಬಹುದು. ಏದುಸಿರು ಬಂದ್ರೆ ಕೂಡಲೇ ಬನ್ನಿ." ಆಮೇಲೆ ಫೈಲಿನಿಂದ ತಲೆ ಎತ್ತದೆ ಕೇಳಿದರು, "ಗಂಟು ಗೊತ್ತಾದದ್ದು ಯಾವಾಗ?"

ಇಡೀ ಪ್ಲಾಂಟಿಗೆ ಪಾಠ ಹೇಳುವ ಮಹಾಶಯ ಮೇಜಿನ ಮೇಲಿದ್ದ ಪೆನ್ನನ್ನು ನೇರ ಮಾಡಿ ಇಟ್ಟ. "ಸ್ವಲ್ಪ ದಿನ ಆಯ್ತು ಡಾಕ್ಟ್ರೇ," ಎಂದು ಉಮಾವತಿಯೇ ಗಂಡನ ಮಾನ ಉಳಿಸಿದಳು. ಮನೆಗೆ ಬಂದ ಮೇಲೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಆ ಮೂರು ತಿಂಗಳ ಮಾತನ್ನು ಅವಳು ಎತ್ತಲಿಲ್ಲ, ಎತ್ತುವ ಧೈರ್ಯ ಇವನಿಗಿರಲಿಲ್ಲ.

ಕೀಮೋ, ಆಪರೇಷನ್ ಮುಗಿದು ಈಗ ಆ ಮದ್ದೊಂದೇ ನಡೆಯುತ್ತಿದೆ. ಕಳೆದ ಶುಕ್ರವಾರ ಬೆಳಗ್ಗೆ ಉಮಾವತಿ ಅಡುಗೆಮನೆಯ ಬಾಗಿಲು ಹಿಡಿದು ನಿಂತು, "ಯಾಕೋ ಏದುಸಿರು ಬರ್ತಾ ಉಂಟು," ಎಂದಳು. ಲತೇಶ ಒಂದೂ ಪ್ರಶ್ನೆ ಕೇಳಲಿಲ್ಲ. ಕಾರಿನ ಕೀ ಹಿಡಿದು, ಉಟ್ಟ ಲುಂಗಿಯಲ್ಲೇ ಅವಳನ್ನು ಆಸ್ಪತ್ರೆಗೆ ಮುಟ್ಟಿಸಿದ. ನರ್ಸುಗಳು ಪೇಶೆಂಟನ್ನು ಬಿಟ್ಟು ಇವನನ್ನೇ ನೋಡಿದರು. ಸ್ಕ್ಯಾನ್‌ನಲ್ಲಿ ಹೃದಯ ಚೆನ್ನಾಗಿಯೇ ಇತ್ತು. ವಿಚಾರಿಸಿದರೆ, ಲಿಫ್ಟ್ ಕೆಟ್ಟಿದ್ದರಿಂದ ಅವಳು ಕೊತ್ತಂಬರಿ ಸೊಪ್ಪು ತಂದು ನಾಲ್ಕು ಮಾಳಿಗೆ ಮೆಟ್ಟಿಲು ಹತ್ತಿದ್ದಳು.

ಪಾರ್ಕಿಂಗ್‌ನಲ್ಲಿ ಉಮಾವತಿ ಅವನ ಲುಂಗಿ ನೋಡಿ ನಕ್ಕಳು. "ಒಂದೇ ಕೂಗಿದ್ದಲ್ವಾ? ಎರಡನೆಯದ್ದಕ್ಕೆ ಕಾಯ್ಲಿಲ್ಲ ನೀವು."

ಲತೇಶ ಅವಳಿಗೆ ಕಾರಿನ ಬಾಗಿಲು ತೆರೆದ.

"ಆವತ್ತು ಮೊದಲನೆಯ ಕೂಗೇ ಸರಿ ಇತ್ತು, ಉಮಾ," ಎಂದ.