ದೋಣಿಯ ಮೂತಿಯೊಳಗೆ ಕಂಡದ್ದು

೧೯೯೨ನೇ ಇಸವಿಯಲ್ಲಿ ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಅಪ್ಪನಿಗೆ ಬಡಿಗತನದಲ್ಲಿ ಒಬ್ಬ ಜೊತೆಗಾರ ಬೇಕಾಗಿದ್ದ, ನನ್ನ ತಲೆಯಲ್ಲಿ ಲೆಕ್ಕ ನಿಲ್ಲುತ್ತಿತ್ತು, ಇಂಗ್ಲಿಷ್ ನಿಲ್ಲುತ್ತಿರಲಿಲ್ಲ. ಅದಕ್ಕಾಗಿ ಎಂದೂ ಅತ್ತವನಲ್ಲ. ಲಕ್ಷ್ಮೇಶ್ವರದ ಯಾವ ಓಣಿಗೆ ಹೋದರೂ ನಾನು ಕೂಡಿಸಿದ ಬಾಗಿಲು ಒಂದಾದರೂ ಸಿಗುತ್ತದೆ. ಮಳೆಗಾಲದಲ್ಲಿ ಉಬ್ಬಿ ಹಿಡಕೊಂಡಿತು ಅಂತ ಯಾರೂ ನನ್ನ ಅಂಗಡಿ ಹುಡುಕಿಕೊಂಡು ಬಂದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇಲ್ಲ, ಸ್ವಲ್ಪ ಜಂಬಕ್ಕೇ ಹೇಳುತ್ತಿದ್ದೇನೆ. ಕಟ್ಟಿಗೆ ಅಂದರೆ ನನಗೆ ಗೊತ್ತು ಅನ್ನುವ ಆ ಧೈರ್ಯದ ಮೇಲೆಯೇ ಹೋದ ಬೇಸಿಗೆಯಲ್ಲಿ ಒಂದು ದೋಣಿಯ ಕೆಲಸ ಹಿಡಿದೆ.

ನನ್ನ ಹೆಂಡತಿಯ ತವರು ತುಂಗಭದ್ರೆಯ ಆಚೆ ದಂಡೆಗೆ. ಮುಂಡರಗಿಯವರೆಗೆ ಬಸ್ಸು, ಅಲ್ಲಿಂದ ಟಂಟಂ ರಿಕ್ಷಾ ಹತ್ತಿ ಹೊಳೆದಂಡೆಯ ಹಳ್ಳಿ, ಆಮೇಲೆ ಮೋಟಾರು ದೋಣಿ. ಸೇತುವೆ ಸುತ್ತಿ ಹೋದರೆ ಹೊತ್ತು ದಾರಿಯಲ್ಲೇ ಮುಳುಗುತ್ತದೆ. ಹಾಗಾಗಿ ಮದುವೆಯಾದಾಗಿನಿಂದ ನಾವು ಆ ದೋಣಿಯವರೇ. ಬಾಣಂತಿ ಹೆಂಡತಿಯನ್ನು ಕೂಸಿನ ಸಮೇತ ಅದರಲ್ಲೇ ಕರಕೊಂಡು ಬಂದವನು ನಾನು.

ದೋಣಿಯ ಮಾಲಕ ನನಗಿಂತ ಹಿರಿಯ. ಹೊಳೆಯ ಕಡೆಯ ಹೆಣ್ಣು ತಂದಿದ್ದೇನೆಂದು ನನ್ನನ್ನು ಅಳಿಯ ಅಂತಲೇ ಕರೆಯುವುದು. ಅವನು ನನಗೆ ಮಾವ, ಅವನ ಹೆಂಡತಿ ಅತ್ತಿ. ಆತನದೇ ಫೋನು ಬಂತು.

"ಅಳ್ಯಾ, ಹೊಳಿ ಇಳದೈತಿ, ದೋಣಿ ದಂಡಿಗೆ ಎಳದೇನಿ. ಕಾಲಾಗಿನ ಹಲಗಿ ಒಂಚೂರು ಮೆತ್ತಗ ಅನಸ್ತಾವು. ಮ್ಯಾಲೊಂದು ಹಲಗಿ ಬಡದು ಹೋಗು. ನೀರ ಏರೂದ್ರಾಗ ಆಗಬೇಕು ನೋಡಪಾ, ಆಳಿನ ಹೆಣ್ಮಕ್ಕಳು ಆಗಲೇ ಕೇಳಾಕ ಹತ್ಯಾರ."

ಕೈಚೀಲದಲ್ಲಿ ಉಳಿ, ಸುತ್ತಿಗೆ, ಕರಗಸ ಹಾಕಿಕೊಂಡು ಹೋದೆ. ದೋಣಿ ಕಲ್ಲುಗಳ ಮೇಲೆ ಕೂತಿತ್ತು. ಹಳೆಯದು, ಕರಾವಳಿಯ ಕಡೆಯಿಂದ ಲಾರಿಯ ಮೇಲೆ ತಂದದ್ದಂತೆ. ಹೊರಗಿನ ಮೈ ಫೈಬರಿನದು, ಒಳಗಿನ ಎಲುಬೆಲ್ಲ ಕಟ್ಟಿಗೆ: ಅಡ್ಡ ತೊಲೆಗಳು, ಎಂಜಿನ್ ಕೂತಿರುವ ಎರಡು ಉದ್ದ ತೊಲೆಗಳು, ಅವುಗಳ ಮೇಲೆ ನಾವು ಕಾಲಿಡುವ ಹಲಗೆ. ದಸರೆಯ ಮಾನವಮಿಗೊಮ್ಮೆ ಹಸಿರು ಬಣ್ಣ ಬಳಿದು ಬಳಿದು ಆ ಹಲಗೆ ಗಾಜಿನ ಹಾಗೆ ಹೊಳೆಯುತ್ತಿತ್ತು. ಮದುವೆಮನೆಯ ಬಾಗಿಲೂ ಅಷ್ಟು ಚಂದ ಇರುವುದಿಲ್ಲ.

ಸುತ್ತಿಗೆಯಿಂದ ತಟ್ಟಿದೆ. ಒಳ್ಳೆಯ ಕಟ್ಟಿಗೆ ತಟ್ಟಿದರೆ ಠಣ್ ಅಂತ ಮಾತಾಡುತ್ತದೆ. ಇದು ಹೊಟ್ಟಿನ ಚೀಲಕ್ಕೆ ಹೊಡೆದ ಹಾಗೆ ಧಬ್ ಅಂದಿತು. ಉಳಿ ಹಚ್ಚಿ ಒತ್ತಿದೆ, ಸುತ್ತಿಗೆ ಬೇಕಾಗಲೇ ಇಲ್ಲ. ಉಳಿ ಹಿಡಿಯವರೆಗೂ ಇಳಿದುಹೋಯಿತು. ಉಳಿ ಎತ್ತಿದರೆ ತುದಿಗೆ ಕಪ್ಪು ನೀರು.

ಒಂದು ಹಲಗೆ ಎಬ್ಬಿಸಿದೆ. ಎಬ್ಬಿಸಿದೆ ಅನ್ನುವುದು ಸುಳ್ಳು, ಬಣ್ಣದ ಸಿಪ್ಪೆ ಕೈಗೆ ಬಂತು, ಕಟ್ಟಿಗೆ ಬರಲಿಲ್ಲ. ಕೆಳಗಿನ ಅಡ್ಡ ತೊಲೆ ಹಿಂಡಿದರೆ ನೀರು ಬಿಡುತ್ತಿತ್ತು, ನೆನೆಸಿದ ಅವಲಕ್ಕಿಯ ಹಾಗೆ. ಎಂಜಿನ್ ಹೊತ್ತ ತೊಲೆಗಳೂ ಮುಂದಿನ ಅರ್ಧ ಅದೇ ಗತಿ. ಹಾಗಾದರೆ ಇಷ್ಟು ವರ್ಷ ನಾವು ಯಾತರ ಮೇಲೆ ನಿಂತಿದ್ದೆವು? ಬಣ್ಣದ ಮೇಲೆ. ಅಷ್ಟೇ, ಬಣ್ಣದ ಮೇಲೆ. ಬಾಣಂತಿಯನ್ನು ಕೂಡಿಸಿದ ಜಾಗಕ್ಕೆ ಬೆರಳು ಹಾಕಿದೆ, ಎರಡು ಬೆರಳು ಒಳಗೆ ಹೋದವು. ದೋಣಿಯಿಂದ ಇಳಿದು ಕಲ್ಲಿನ ಮೇಲೆ ಕೂತುಬಿಟ್ಟೆ.

"ಯಾಕಲೇ ಅಳ್ಯಾ, ದೋಣಿ ಒಣನೆಲದ ಮ್ಯಾಲ ಇದ್ರೂ ತಲಿ ತಿರಗತೈತೇನ?" ಅಂತ ಮಾವ ನಕ್ಕ.

"ಮಾವಾ, ಇದ್ರಾಗ ಕಟ್ಟಿಗಿನ ಇಲ್ಲ."

"ಬಾಗಲಾ ಮಾಡಾಂವಗ ದೋಣಿದೇನ ತಿಳೀತೈತಿ? ಹೊಳ್ಯಾಗಿನ ಕಟ್ಟಿಗಿ ಹಸಿ ಇರೂದ. ಮ್ಯಾಲ ಹಲಗಿ ಬಡಿ, ಬಣ್ಣಾ ನಾ ಹಚ್ಚತೀನಿ."

"ಮೊಳಿ ಯಾತಕ್ಕ ಬಡೀಲಿ? ಹಿಡ್ಯಾಕ ಒಳಗ ಏನರ ಬೇಕಲ್ಲ?"

"ಹಂಗಾರ ಉದ್ದನ್ನ ಮೊಳಿ ಬಡಿ!"

ನಾನು ಚೀಲ ಕಟ್ಟಿದೆ. ಮುಚ್ಚುವ ಕೆಲಸಕ್ಕೆ ಬೇರೆಯವರನ್ನು ಕರಿ, ನನ್ನ ಹೆಂಡತಿ ಮಕ್ಕಳು ಇದರಲ್ಲಿ ಕೂಡುತ್ತಾರೆ, ನಾನು ಮುಚ್ಚುವುದಿಲ್ಲ ಅಂದೆ. ಆತನೂ ಸಿಟ್ಟಾದ. ಆಗ ಅತ್ತಿ ಚಹಾ ತಂದಳು. ಜಗಳಕ್ಕೆ ಬಂದವಳ ಹಾಗೆ ಒಂದು ಕಪ್ಪು ಅವನ ಮುಂದೆ, ಒಂದು ನನ್ನ ಮುಂದೆ ಕುಕ್ಕಿ ಕೇಳಿದಳು, "ಎಲ್ಲಿ ಕೆಟ್ಟೈತಿ ತೋರಸು."

ದೋಣಿ ಹತ್ತಿಸಿ ತೋರಿಸಿದೆ. ಹಿಂದಿನ ಭಾಗ ಅಷ್ಟಿಷ್ಟು ಗಟ್ಟಿ, ನಡುವೆ ಮೆತ್ತಗೆ, ಮುಂದಿನ ಮೂತಿಗೆ ಹೋದಂತೆ ಪೂರಾ ಕೆಸರು. ಯಾಕೆ ಹೀಗೆ ಅಂತ ನನಗೂ ತಿಳಿದಿರಲಿಲ್ಲ. ಹೊಳೆಯ ನೀರು ನಿಲ್ಲುವುದು ಹಿಂದೆ, ಎಂಜಿನ್ನಿನ ಬುಡದಲ್ಲಿ. ಕೊಳೆಯುವುದಾದರೆ ಅಲ್ಲಿ ಕೊಳೆಯಬೇಕು. ಮೂತಿಯ ತುದಿಯಲ್ಲಿ ಹಗ್ಗ ಕಟ್ಟುವ ಕಬ್ಬಿಣದ ಬಳೆ ಇತ್ತು. ಅದರ ಬುಡಕ್ಕೆ ಕೈ ಹಾಕಿ ಒಂದು ಮುಟಿಗೆ ಬಗೆದು ತೆಗೆದೆ. ಕರಿ ಮಣ್ಣಿನಂಥ ಕಟ್ಟಿಗೆ, ಅದರೊಳಗೆ ಕೆಂಪು ಕುಂಕುಮದ ಪದರು, ಹಳದಿ ಅರಿಶಿನ ಭಂಡಾರದ ಪದರು, ಕಾಯಿ ಚಿಪ್ಪಿನ ಚೂರುಗಳು. ಹುಳಿ ನಾತ ಬಂತು, ಹೊಳೆಯ ನಾತವಲ್ಲ.

ಅತ್ತಿ ಅದನ್ನೇ ನೋಡಿದಳು.

ಅಮಾಸೆಗೊಮ್ಮೆ ಆ ಬಳೆಗೆ ಕಾಯಿ ಒಡೆಯುವವಳು ಅವಳೇ. ನಮ್ಮ ಕಡೆ ಲಾರಿಗೆ, ಟ್ರ್ಯಾಕ್ಟರಿಗೆ, ಅಂಗಡಿಗೆ ಮಾಡುವ ಹಾಗೆ ದೋಣಿಗೂ ಅಮಾಸೆಯ ಪೂಜೆ. ತಂಬಿಗೆ ನೀರು ಸುರುವಿ, ಕಾಯಿ ಒಡೆದು ನೀರು ಬಿಟ್ಟು, ಹಾಲು ಬಿಟ್ಟು, ಮೊಸರನ್ನದ ಎಡೆ ಇಡುವುದು. ಎಲ್ಲ ಬಳೆಯ ಬುಡದ ಸಂದಿಯಲ್ಲಿ ಇಳಿದಿತ್ತು. ಮೇಲಿನಿಂದ ಮಾವ ಬಣ್ಣ ಬಳಿದು ಮುಚ್ಚಿದ್ದ. ಇಳಿದ ನೀರಿಗೆ ಆರಲು ದಾರಿಯೇ ಇರಲಿಲ್ಲ. ಹೊಳೆ ತಿಂದದ್ದಲ್ಲ ಅದು. ನಾವೇ ತಿಂಗಳಿಗೊಮ್ಮೆ ಉಣ್ಣಿಸಿದ್ದು.

"ಗಂಗವ್ವಗ ಮಾಡಿದ ಪೂಜಿ ದೋಣಿ ತಿಂತೈತೇನ? ಏನ ಮಾತಾಡ್ತೀಯೋ ಅಳ್ಯಾ!" ಅಂತ ಮಾವ ಕೂಗಾಡಿದ. ನಾನು ಮಾತೇ ಆಡಿರಲಿಲ್ಲ, ಆತನಿಗೂ ಅರ್ಥವಾಗಿತ್ತು. ಅತ್ತಿ ಕೆಳಗಿಳಿದು ಮನೆಗೆ ಹೋದಳು. ಚಹಾ ಆರಿಹೋಯಿತು. ನಾವಿಬ್ಬರು ಗಂಡಸರು ಬಳೆಯನ್ನು ನೋಡುತ್ತ ಕೂತೆವು. ಆಕೆಗೆ ಏನಾದರೂ ಆಯಿತೇನೋ ಅಂತ ಇಬ್ಬರಿಗೂ ಹೆದರಿಕೆ, ಏಳುವ ಧೈರ್ಯ ಒಬ್ಬರಿಗೂ ಇಲ್ಲ.

ಅತ್ತಿ ಬಂದಳು. ಕೈಯಲ್ಲಿ ಹಾರೆ. ಸೆರಗು ಸೊಂಟಕ್ಕೆ ಸಿಗಿಸಿದ್ದಳು.

"ನಾನ ತಿನಿಸೇನಿ, ನಾನ ತಗೀತೀನಿ. ಸರೀರಿ ಇಬ್ರೂ."

"ಏ, ಹುಚ್ಚು ಹಿಡಿದೈತೇನ ನಿನಗ?" ಅಂದ ಮಾವ.

"ಹುಚ್ಚು ಹಿಡದಿದ್ದು ಇಷ್ಟ ದಿವಸ. ಮಂದಿ ಮಕ್ಕಳ್ನ ಕುಂಡ್ರಿಸಿಕೊಂಡು ಹೊಂಟಿದ್ವಿ."

ಹಾರೆ ಎತ್ತಿ ಬಳೆಯ ಬುಡಕ್ಕೆ ಹಾಕಿದ ಮೊದಲ ಏಟಿಗೇ ಮೂತಿಯ ಹಲಗೆಯೆಲ್ಲ ಕುಸಿದು ಒಳಗೆ ಬಿತ್ತು. ಆಕೆ ನಿಲ್ಲಲಿಲ್ಲ. ತಡೆಯಬೇಕಾದವನು ನಾನು, ನನಗೆ ಕೈಯೇ ಬರಲಿಲ್ಲ. ಎರಡನೇ ತೊಲೆ ಕಿತ್ತು ಬಂತು, ಮೂರನೆಯದು ಬಂತು. ಆಗ ಟರ್ ಅಂತ ಒಂದು ಸಪ್ಪಳ. ನೋಡುತ್ತ ನೋಡುತ್ತ ದೋಣಿಯ ಎರಡೂ ಬದಿ ಮೊರದ ಹಾಗೆ ಅಗಲವಾಗತೊಡಗಿದವು. ಕೊಳೆತಿದ್ದರೂ ಆ ತೊಲೆಗಳೇ ದೋಣಿಯ ಮೈಯನ್ನು ಹಿಡಿದಿದ್ದವು! ಬಾಗಿಲಿನ ಹಳೆ ಚೌಕಟ್ಟು ಕಿತ್ತರೆ ಗೋಡೆ ನಿಂತೇ ಇರುತ್ತದೆ, ಇಲ್ಲಿ ಗೋಡೆಯೇ ಹೊರಟಿತ್ತು.

"ಹಗ್ಗಾ ತರ್ರಿ! ಜಲ್ದಿ!" ಅಂತ ಚೀರಿದೆ.

ಹೊಟ್ಟಿನ ಬಂಡಿಗೆ ಬಿಗಿಯುವ ಹಾಗೆ ದೋಣಿಯ ಮೈಗೆ ಹಗ್ಗ ಸುತ್ತಿ, ಹಗ್ಗದಲ್ಲಿ ಬಡಿಗೆ ಸಿಗಿಸಿ ತಿರುವಿದೆವು. ಮಾವ ಒಂದು ಕಡೆ, ಅತ್ತಿ ಒಂದು ಕಡೆ, ನಾನು ನಡುವೆ. ಬದಿಗಳು ಗೇಣು ಗೇಣು ಒಳಗೆ ಬಂದವು. ಬಡಿಗೆ ಬಿಡದೆ ಹಿಡಿದುಕೊಂಡೇ ಮಾವ ಹೇಳಿದ, "ಪೂರಾ ಮಾಡಿಬಿಡು ಅಳ್ಯಾ. ಹೊಸಾದ ಹಾಕು." ಆ ಮೇಲೆ ಆತ ಮುಚ್ಚುವ ಮಾತು ಎತ್ತಲಿಲ್ಲ.

ಗದಗಿನ ಕಟ್ಟಿಗೆ ಅಡ್ಡೆಯಿಂದ ಸಾಗವಾನಿ ತೊಲೆ ತಂದೆ, ನೀರಿಗೆ ತಡೆಯುವ ಪ್ಲೈವುಡ್ ತಂದೆ. ಹಳೆ ತೊಲೆ ಒಂದು ತೆಗೆದರೆ ಅದರ ಜಾಗದಲ್ಲಿ ಹೊಸದು ಕೂಡಿಸಿಯೇ ಮುಂದಿನದಕ್ಕೆ ಕೈ ಹಚ್ಚುವುದು. ಎಂಜಿನ್ ಎತ್ತಿ ಇಳಿಸಿ, ಅದರ ತೊಲೆಗಳನ್ನೂ ಬದಲಿಸಿದೆ. ಕೊಯ್ದ ಪ್ರತಿ ತುದಿಗೆ, ಸ್ಕ್ರೂ ಹಾಕುವ ಪ್ರತಿ ತೂತಿಗೆ ಫೈಬರಿನವರು ಬಳಸುವ ಅಂಟು ಕುಡಿಸಿದೆ. ತೊಲೆಗಳ ಬುಡದಲ್ಲಿ ನೀರು ಹರಿಯಲು ಕಂಡಿ ಬಿಟ್ಟೆ. ಮೂತಿಯಲ್ಲಿ ಎತ್ತಿ ನೋಡುವ ಮುಚ್ಚಳ ಮಾಡಿದೆ. ಅತ್ತಿ ದಿನಾ ಬುತ್ತಿ ತಂದು ಕೂಡುತ್ತಿದ್ದಳು. ಮುಚ್ಚಳ ಕೂಡಿಸುವ ದಿನ ತಾನಾಗಿ ಹೇಳಿದಳು, "ಕಾಯಿ ಇನ್ನ ದಂಡಿ ಕಲ್ಲಿಗೆ ಒಡೀತೀನಿ. ಹೊಳಿಗೂ ಮುಟ್ಟತೈತಿ, ದೋಣಿಗೂ ಮುಟ್ಟತೈತಿ."

"ಈ ಬುದ್ಧಿ ಮೊದಲ ಇರಬೇಕಿತ್ತು," ಅಂದ ಮಾವ.

"ನೀವು ಮಾನವಮಿಗೆ ಒಂದ ವರ್ಷರ ಬಣ್ಣಾ ಹಚ್ಚೂದು ಮರತಿದ್ರ ಮೊದಲ ಕಾಣತಿತ್ತು," ಅಂದಳು ಆಕೆ. ಮಾವ ಎಂಜಿನ್ನಿನ ಹತ್ತಿರ ಏನೋ ಕೆಲಸ ಇದ್ದವನ ಹಾಗೆ ಎದ್ದು ಹೋದ.

ಮಳೆ ಬಿದ್ದು ಹೊಳೆ ಏರಿತು. ಮೊದಲ ದಿನ ನನ್ನ ಹೆಂಡತಿ ಮಕ್ಕಳನ್ನೇ ಹತ್ತಿಸಿದೆ. ನಡುಹೊಳೆಗೆ ಬಂದಾಗ ಹೆಂಡತಿ, "ಯಾಕ್ರೀ, ಕಾಲಾಗಿನ ಹಲಗೀನ ನೋಡಾಕ ಹತ್ತೀರಿ?" ಅಂದಳು. ಒಳಗೆ ಕಂಡದ್ದನ್ನು ಆಕೆಗೆ ಅಲ್ಲಿಯತನಕ ಹೇಳಿರಲಿಲ್ಲ. ಆಚೆ ದಂಡೆ ಮುಟ್ಟಿದ ಮೇಲೆ ಹೇಳಿದೆ. ಚಿಕ್ಕವಳ ಕೈ ಹಿಡಿದುಕೊಂಡು ದಂಡೆ ಹತ್ತಿದಳು, ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಈಗ ನನ್ನ ಹತ್ತಿರ ಒಂದು ಅಂಗಡಿ ಇದೆ, ಒಂದು ಕೊಯ್ಯುವ ಮಷೀನು, ಮೂರು ಬಾಚಿ, ಇಬ್ಬರು ಆಳು. ಹೆಂಡತಿ ಇದ್ದಾಳೆ, ಎರಡು ಮಕ್ಕಳಿದ್ದಾರೆ. ಮಾಡಿದ ದೋಣಿ ಒಂದು.